ಕೊಟ್ರವ್ವನ ಬಾವಿ ನೀರು ಹೊತ್ತ ಬಾಟಲಿ

ಅಂದು ಬೆಳಿಗ್ಗೆ ನನ್ನನ್ನು ತೊಳೆಯುತ್ತಿದ್ದ ಕೊಟ್ರವ್ವನ ಕೈ ನಡುವೆಯೇ ನಿಂತುಬಿಟ್ಟಿತು. ನಾನು ಒಂದು ಕಂದು ಗಾಜಿನ ಬಾಟಲಿ. ಬೆಳಕಿಗೆ ಕೆಡುವಂಥದ್ದನ್ನು ಕಾಪಾಡಲೆಂದೇ ಕುಲುಮೆಯಲ್ಲಿ ನನಗೆ ಈ ಬಣ್ಣ ಕೊಟ್ಟರು. ಊರೂರಿನ ನೀರು ಹೊತ್ತು ಲ್ಯಾಬಿಗೆ ಬರುವುದು ನನ್ನ ಕೆಲಸ. ನನ್ನನ್ನು ತೊಳೆದಿಡುವುದು ಕೊಟ್ರವ್ವನ ಕೆಲಸ.

“ಮೇಡಂ, ಗೋವಿನಜೋಳಕ್ಕ ಕಳೆ ಔಷಧ ಹೊಡದ ಮ್ಯಾಲೆ ನಮ್ಮ ಬಾವಿ ದಂಡಿಗಿದ್ದ ಹೊನಗೊನ್ನಿ ಸೊಪ್ಪೂ ಸುಟ್ಟಂಗ ಆಗೇತ್ರಿ. ಅದ ನೀರು ನನ್ನ ಮಗಳು ಕುಡೀತಾಳ,” ಎಂದಳು.

ನೀರು ಪರೀಕ್ಷಿಸುವ ಹಸೀನಾ ಮೇಡಂ ನನ್ನನ್ನೇ ಅವಳ ಕೈಗಿತ್ತರು. “ಮೊದಲ ಬಾವಿ ನೀರಾಗ ಮೂರು ಸಲ ತೊಳೀರಿ ಕೊಟ್ರವ್ವಾ. ಆಮ್ಯಾಲೆ ತುಂಬ್ರಿ.”

ಮರುದಿನ ಬಾವಿ ನೀರು ತುಂಬಿಕೊಂಡು ಲ್ಯಾಬಿಗೆ ಹೊರಟ ನನ್ನೊಂದಿಗೆ ಕೊಟ್ರವ್ವನ ಮಗಳು ನೀಲಾಳೂ ಬಂದಳು. ಶಾಲೆಗೆ ರಜೆ. ಬಸ್ಸಿನಲ್ಲಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಏನೋ ಕೇಳಲು ಬಾಯಿ ತೆರೆಯುವಳು, ಅವ್ವನ ಮುಖ ನೋಡಿ ಸುಮ್ಮನಾಗುವಳು.

ಲ್ಯಾಬಿನಲ್ಲಿ ಮೊದಲು ಬಣ್ಣ ನೋಡಿ ಕಳೆ ಔಷಧ ಪತ್ತೆ ಹಚ್ಚುವ ಕಿಟ್ಟಿನ ಪರೀಕ್ಷೆ. ತಟ್ಟೆಯ ಪುಟ್ಟ ಕುಳಿಗಳಿಗೆ ನನ್ನಿಂದ ಕೆಲವೇ ಹನಿ ಹೋದವು. ಊಟದ ಹೊತ್ತಿಗೆ, ಹೋಲಿಸಿ ನೋಡಲೆಂದು ಶುದ್ಧ ನೀರು ಹಾಕಿದ್ದ ಕುಳಿ ಕಡುನೀಲಿಯಾಗಿತ್ತು, ನಮ್ಮದು ತಿಳಿ.

“ಯವ್ವಾ, ನಮ್ಮದು ತಿಳಿ ಐತಿ!” ನೀಲಾ ಕುಣಿದಳು.

“ಏ ಹುಚ್ಚಿ, ಇಲ್ಲಿ ಎಲ್ಲಾ ಉಲ್ಟಾ. ಔಷಧ ಇದ್ದಷ್ಟೂ ಬಣ್ಣ ಕಡಿಮಿ,” ಎಂದರು ಮೇಡಂ. ಕೊಟ್ರವ್ವನ ಮುಖ ನೋಡಿ ದನಿ ತಗ್ಗಿಸಿದರು. “ಆದ್ರ ಈ ಕಿಟ್ಟು ಅಕ್ಕ ಬಂದ್ರೂ ತಂಗಿ ಬಂದ್ರೂ ಒಬ್ಬಾಕೀನ ಅಂತೈತಿ. ಒಂದ ಜಾತಿ ಔಷಧ ಎಲ್ಲಾ ಅದಕ್ಕ ಒಂದ. ಯಾವುದು, ಎಷ್ಟು ಅಂತ ಹೇಳೋದು ದೊಡ್ಡ ಮಷೀನು.”

ಕೊಟ್ರವ್ವ ಆ ಮಾತಿಗೇ ಜೋತುಬಿದ್ದು ಸಂಜೆಯವರೆಗೆ ಕಾದಳು.

ಮಷೀನಿನೊಳಗೆ ಕೂದಲೆಳೆಯಂಥ ಕೊಳವೆಯಲ್ಲಿ ನನ್ನ ನೀರು ಹರಿಯಿತು. ಅದರಲ್ಲಿ ಬೆರೆತಿದ್ದ ಒಂದೊಂದೂ ಬೇರೆ ಬೇರೆಯಾಗಿ, ತನ್ನ ತನ್ನ ಹೊತ್ತಿಗೆ ಹೊರಬಂತು. ಪರದೆಯ ಮೇಲೆ ಮಲಗಿದ್ದ ಗೆರೆ ಇದ್ದಕ್ಕಿದ್ದಂತೆ ಬೆಟ್ಟದ ತುದಿಯಂತೆ ಎದ್ದಿತು. ನನಗೆ ಮೈ ಜುಮ್ಮೆಂದಿತು. ನನ್ನ ಹೊಟ್ಟೆಯಲ್ಲೇ ಇದ್ದು ನನಗೇ ಕಾಣದ್ದು, ಇಡೀ ಬಾವಿ ಸೋಸಿದರೂ ಒಂದು ಚಿಟಿಕೆಯಾಗದ್ದು, ತನ್ನ ಹೆಸರು ಹೇಳಿಕೊಂಡು ಎದುರಿಗೆ ನಿಂತಿತ್ತು!

“ಅದ ಕಳೆ ಔಷಧ, ಕೊಟ್ರವ್ವಾ. ಮಿತಿಗಿಂತ ಜಾಸ್ತಿ ಐತಿ. ಇವತ್ತಿಂದ ಈ ನೀರು ಕುಡೀಬ್ಯಾಡ್ರಿ.”

ಈಗ ನನ್ನ ಬಾಯಿಯ ಅಂಚು ಒಡೆದಿದೆ. ಲ್ಯಾಬಿನ ಕಿಟಕಿಯಲ್ಲಿ ಪೆನ್ನುಗಳನ್ನು ಹೊತ್ತು ನಿಂತಿದ್ದೇನೆ. ಎಷ್ಟೋ ಊರಿನ ನೀರು ಮರೆತುಹೋಗಿದೆ, ಆ ಸಂಜೆ ಮರೆತಿಲ್ಲ. ಖಾಲಿಯಾದ ನನ್ನನ್ನು ಕೊಟ್ರವ್ವ ತೊಳೆಯಲೆಂದು ಎತ್ತಿಕೊಂಡಿದ್ದಳು. ಬಸ್ಸಿನಲ್ಲಿ ನುಂಗಿಕೊಂಡಿದ್ದ ಮಾತನ್ನು ನೀಲಾ ಅವಳ ಸೆರಗು ಹಿಡಿದು ಕೇಳಿಯೇಬಿಟ್ಟಳು:

“ಯವ್ವಾ, ನಾ ಇಷ್ಟ ದಿನಾ ಕುಡದದ್ದನ್ನ ಯಾವ ಮಷೀನು ನೋಡತೈತಿ?”