ಹುಲೆಪ್ಪನ ಹಾದಿ

ಮನಿಷಾಳ ಸಾಕ್ಷ್ಯಚಿತ್ರ ಎರಡೂ ರಾಜ್ಯಗಳಿಂದ ವಾಪಸು ಬಂತು. ಪುಣೆಯ ಚಿತ್ರೋತ್ಸವದವರು ಫೋನ್ ಮಾಡಿ, ಸಿನಿಮಾ ಚೆನ್ನಾಗಿದೆ, ಆದರೆ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರಲ್ಲ, ಮರಾಠಿ ವಿಭಾಗಕ್ಕೆ ಹೇಗೆ ಸೇರಿಸುವುದು ಎಂದರು. ಕರ್ನಾಟಕದ ಕಡೆ ಕಳಿಸಿದಾಗ, ನಿಮ್ಮ ವಿಳಾಸ ಸೊಲ್ಲಾಪುರದ್ದು, ನಮ್ಮ ಸ್ಪರ್ಧೆ ರಾಜ್ಯದವರಿಗೆ ಮಾತ್ರ ಎಂಬ ಉತ್ತರ ಬಂತು. ಮನಿಷಾ ಅದನ್ನು ಅಕ್ಷರ ಕೂಡಿಸಿಕೊಂಡು ಓದಿದಳು. ಅವಳು ಕಲಿತದ್ದು ಮರಾಠಿ ಸಾಲೆಯಲ್ಲಿ. ಮನೆಮಾತು ಕನ್ನಡವಾದರೂ ಅದನ್ನು ಓದಲು ಕಲಿತದ್ದು ಈ ಸಿನಿಮಾದ ಸಲುವಾಗಿಯೇ.

"ಹೋಟಗಿ ಸ್ಟೇಶನ್ನ್ಯಾಗ ಪರದೆ ಕಟ್ಟೂಣು. ಎರಡೂ ರಾಜ್ಯದ ಗಾಡಿ ಅಲ್ಲೇ ನಿಂದ್ರತಾವ," ಎಂದು ಶೈಲೇಶ ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ.

ಶೈಲೇಶ ಸೊಲ್ಲಾಪುರದ ಚಾದರ ವ್ಯಾಪಾರಿಯ ಮಗ. ಕ್ಯಾಮೆರಾ ಅವನದು. ಎಡಿಟಿಂಗ್ ನಡೆದದ್ದು ಅವರ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಚಾದರದ ಗಂಟುಗಳ ನಡುವೆ. ಮನಿಷಾ ವಾರವೆಲ್ಲ ವಿಮಾ ಆಫೀಸಿನ ಕಂಪ್ಯೂಟರ್ ಮುಂದೆ ಕೂತು, ರವಿವಾರ ಬಂದರೆ ಅಲ್ಲಿಗೆ ಓಡುತ್ತಿದ್ದಳು.

ಸಿನಿಮಾ ಅವಳ ಊರಿನದು. ಅಕ್ಕಲಕೋಟದಲ್ಲಿ ಎಸ್.ಟಿ. ಬಸ್ಸು ಹಿಡಿದು ನಾಗಣಸೂರ ದಾಟಿ ಹೋದರೆ ಸಿಗುವ ಸಣ್ಣ ಊರು. ಅಲ್ಲಿ ಅವಳದು ಬೌದ್ಧರಾದ ದಲಿತರ ಓಣಿ; ಆ ಓಣಿಯವರ ಸ್ಮಶಾನ ಹಳ್ಳದ ಆಚೆ ಇದೆ. ಅಲ್ಲಿಗೆ ಹೋಗುವ ಹಾದಿ ತನ್ನ ಹೊಲದ್ದೆಂದು ಮಲಕಾಜಪ್ಪ ಎಂಬ ಜಮೀನುದಾರ ಮುಳ್ಳುಬೇಲಿ ಹಾಕಿದ. ಅದೇ ಮಳೆಗಾಲದಲ್ಲಿ ಮನಿಷಾಳ ದೊಡ್ಡಪ್ಪ ಹುಲೆಪ್ಪ ತೀರಿಕೊಂಡ. ಬೇಲಿ ಬಳಸಿಕೊಂಡು, ಆಳವಿರುವ ಕಡೆ, ಎದೆಮಟ್ಟದ ನೀರಿನಲ್ಲಿ ಹೆಣ ಹೊತ್ತು ಹಳ್ಳ ದಾಟಬೇಕಾಯಿತು. ನಡುವೆ ಒಬ್ಬನ ಕಾಲು ಜಾರಿ ಚಟ್ಟ ವಾಲಿತು. ಹುಲೆಪ್ಪನ ಮೈಮೇಲಿನ ಬಟ್ಟೆ ನೀರಿನ ಪಾಲಾಯಿತು. ಅದನ್ನೆಲ್ಲ ಅವನ ಹೆಂಡತಿ ಮಲಕಮ್ಮ ಕ್ಯಾಮೆರಾದ ಮುಂದೆ ಕೂತು, ತನ್ನದೇ ಮಾತಿನಲ್ಲಿ, ಎಲ್ಲೂ ನಿಲ್ಲಿಸದೆ ಹೇಳಿದ್ದಳು. ಸಿನಿಮಾದ ಜೀವ ಅಲ್ಲೇ ಇತ್ತು.

ಕೊನೆಗೆ ಅಕ್ಕಲಕೋಟದ ವಾಚನಾಲಯವೊಂದು ಹಾಲ್ ಕೊಡಲು ಒಪ್ಪಿತು. ಅಧಿಕಾರಿಗಳನ್ನೂ ಪತ್ರಿಕೆಯವರನ್ನೂ ಕರೆಯುವುದೆಂದಾಯಿತು. ಸುದ್ದಿ ಊರು ಮುಟ್ಟಲು ತಡವಾಗಲಿಲ್ಲ. ಊರಲ್ಲೇ ಇರುವ ಅವಳ ತಮ್ಮ ಸ್ವಪ್ನಿಲ ಗೋದಾಮಿಗೇ ಹುಡುಕಿಕೊಂಡು ಬಂದ.

"ಅಕ್ಕಾ, ಮಲಕಾಜಪ್ಪ ಸ್ವತಾ ನಮ್ಮ ಮನಿ ಮುಂದ ಬಂದಿದ್ದ. ಹಾದಿ ಬಿಡ್ತೀನಿ ಅಂದಾನ. ಆದ್ರ ಸಿನಿಮಾ ತೋರಿಸಬಾರ್ದಂತ."

"ಬರದು ಕೊಡ್ತಾನೇನು?"

"ಬರದು ಕೊಡು ಅಂದ್ರ ಮಾತ ಮುರೀತದ. ಊರಾಗ ಬಾಳ್ವಿ ಮಾಡಾವ್ರು ನಾವು. ನೀ ಬಂದು ಹೋಗಾಕಿ."

"ದೊಡ್ಡವ್ವ ಏನಂತಾಳ?"

"ಹಾದಿ ಸಿಕ್ರ ಸಾಕು ಅಂತಾಳ. ನಿನಗೇನ ಬೇಕು ಹೇಳು, ಹಾದಿ ಬೇಕೋ ಸಿನಿಮಾ ಬೇಕೋ?"

ಹಾದಿಗಾಗಿಯೇ ಅಲ್ಲವೇ ಸಿನಿಮಾ ಮಾಡಿದ್ದು? ತೋರಿಸಿ ಅವನು ಹಟಕ್ಕೆ ಬಿದ್ದರೆ, ನಾಳೆ ಯಾರದೋ ಹೆಣ ಮತ್ತೆ ನೀರಿಗಿಳಿದರೆ, ಓಣಿಯ ಮಂದಿ ಯಾರ ಕಡೆ ಬೆರಳು ತೋರಿಸುತ್ತಾರೆ? ಮನಿಷಾ ಶೈಲೇಶನ ಕಡೆ ನೋಡಿದಳು.

"ಕ್ಯಾಮೆರಾ ಹಿಡದಾಂವ ನಾ. ಹೆಣಾ ಹೊತ್ತವ್ರು ನಿಮ್ಮವ್ರು. ನಾ ಹ್ಯಾಂಗ ಹೇಳ್ಲಿ ಮನಿಷಾ?" ಎಂದ ಅವನು. ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ಹಾದಿಯೇ ಮುಖ್ಯವೆಂದು, ಪ್ರದರ್ಶನ ರದ್ದು ಮಾಡಲು ವಾಚನಾಲಯಕ್ಕೆ ಫೋನ್ ಮಾಡಿದಳು. ಆಮಂತ್ರಣ ಹಂಚಿ ಆಗಿತ್ತು. ಕಾರ್ಯದರ್ಶಿ ಮರಾಠಿಯಲ್ಲಿ ತಣ್ಣಗೆ, ಇನ್ನು ಮುಂದೆ ನಮ್ಮನ್ನು ಕೇಳಬೇಡಿ ಎಂದು ಫೋನ್ ಇಟ್ಟ.

ಆ ವಾರವೇ ಬೇಲಿ ಕಿತ್ತರು. ಸ್ವಪ್ನಿಲ ಮೊಬೈಲಿನಲ್ಲಿ ವಿಡಿಯೋ ಕಳಿಸಿದ. ಓಣಿಯ ಹುಡುಗರು ಹಾದಿಯುದ್ದಕ್ಕೂ ಓಡುತ್ತಿದ್ದರು, ಹಿಂದೆ ಮಲಕಮ್ಮ ನಿಂತಿದ್ದಳು. ಮನಿಷಾ ಊಟದ ಡಬ್ಬಿ ಮುಂದಿಟ್ಟುಕೊಂಡು ಅದನ್ನು ಮತ್ತೆ ಮತ್ತೆ ನೋಡಿದಳು. ಸಂತೋಷವಾಯಿತು, ಸುಳ್ಳಲ್ಲ. ಆದರೆ ಗೋದಾಮಿಗೆ ಹೋಗುವುದನ್ನು ಬಿಟ್ಟಳು. ರವಿವಾರ ಬಂದರೆ ಬಟ್ಟೆ ಒಗೆದು, ಮಲಗಿ ದಿನ ಕಳೆದಳು.

ಮಳೆ ಬಿತ್ತು. ಬಿತ್ತನೆ ಮುಗಿದ ಮೇಲೆ ಸ್ವಪ್ನಿಲನ ಫೋನ್ ಬಂತು. ಅವನ ದನಿ ಕುಗ್ಗಿತ್ತು.

"ಅಕ್ಕಾ, ಹಾದಿ ಮ್ಯಾಲ ತೊಗರಿ ಬಿತ್ಯಾನ. ಕೇಳಿದ್ರ, ಟ್ರ್ಯಾಕ್ಟರದಾಂವ ತಿಳೀದ ಹೊಡದಾನ, ಪೀಕ ಬರಲಿ ನೋಡೂಣು ಅಂತಾನ."

"ಬೇಲಿ?"

"ಹಾಕ್ಯಾನ. ಪೀಕ ದನಾ ತಿಂತಾವಂತ."

ಮನಿಷಾ ಅವನನ್ನು ಬೈಯಬೇಕೆಂದಿದ್ದಳು. ಬೈಯಲು ಹೋದರೆ ಒಪ್ಪಿದವಳು ತಾನೇ ಎಂಬುದು ನೆನಪಾಗಿ ಫೋನ್ ಇಟ್ಟಳು. ವಾಚನಾಲಯದವರನ್ನು ಕೇಳಿದಳು, ಅವರು ಹಾಲ್ ಖಾಲಿ ಇಲ್ಲ ಎಂದರು. ಮುಂದಿನ ತಿಂಗಳು? ಆಗಲೂ ಇಲ್ಲ.

ಹೊಸ ಬೇಲಿಯನ್ನಾದರೂ ಚಿತ್ರೀಕರಿಸೋಣವೆಂದು ಶೈಲೇಶನನ್ನು ಕರೆದುಕೊಂಡು ಊರಿಗೆ ಹೋದಳು. ಮಲಕಮ್ಮ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಶೈಲೇಶ ಕ್ಯಾಮೆರಾ ತೆಗೆದದ್ದನ್ನು ನೋಡಿ ಮುಖ ತಿರುವಿದಳು.

"ದೊಡ್ಡವ್ವಾ, ಈಗ ಏನಾಗೇತಿ ಅನ್ನೂದು ಒಂದೀಟ ಹೇಳು."

"ನಾ ಹೇಳೂದಿಲ್ಲ. ಒಮ್ಮಿ ಹೇಳೀನಿ, ಬೆಳಕ ಬರೋಬ್ಬರ್ ಇಲ್ಲಂತ ನೀ ಮತ್ತೊಮ್ಮಿ ಹೇಳಿಸಿದಿ. ಹೇಳಿದಾಗೆಲ್ಲಾ ನಾ ಆ ನೀರಿಗಿ ಇಳದ ಬಂದಂಗ ಆಗ್ತದ. ನಿನಗ ಅದು ಗೊತ್ತೈತೇನು?"

"ನೀ ಹೇಳಲಿಲ್ಲಂದ್ರ ಯಾರ ಹೇಳಬೇಕು?"

"ನನ್ನ ಕೇಳಿದಿ, ಓಣಿ ಮಂದಿನೆಲ್ಲಾ ಕೇಳಿದಿ. ಬೇಲಿ ಹಾಕಿದಾಂವನ ಮನಿಗಿ ಯಾಕ ಹೋಗಲಿಲ್ಲ?"

ಇದು ನಮ್ಮ ಮಂದಿಯ ಸಿನಿಮಾ, ಅವನ ಮಾತು ಯಾಕೆ ಬೇಕು ಎಂದು ಮನಿಷಾ ಎಲ್ಲರಿಗೂ ಹೇಳುತ್ತಿದ್ದಳು. ಆದರೆ ಚಿಕ್ಕಂದಿನಲ್ಲಿ ಅಪ್ಪನ ಬೆರಳು ಹಿಡಿದು ಆ ಮನೆಯ ಮುಂದೆ ಬಿಸಿಲಲ್ಲಿ ನಿಂತವಳು ಅವಳು. ಒಳಗೆ ಹೋಗುವ ಧೈರ್ಯ ಇರಲಿಲ್ಲ, ಅಷ್ಟೇ. ಅವಳು ಎದ್ದು ನೇರ ಅಲ್ಲಿಗೇ ನಡೆದಳು. ಶೈಲೇಶ ಕ್ಯಾಮೆರಾ ಎತ್ತಿಕೊಂಡು ಹಿಂದೆ ಓಡಿದ.

ಮಲಕಾಜಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಶೈಲೇಶನ ಗುರುತು ಹಿಡಿದು, "ಬರ್ರಿ ಸಾವಕಾರ್ರ, ಕೂಡ್ರಿ. ಚಾದರ ನಿಮ್ಮ ಅಂಗಡಿದೇ ಒಯ್ತೀವಿ ನಾವು," ಎಂದ. ಮನಿಷಾಳ ಕಡೆ ನೋಡಲಿಲ್ಲ.

ಶೈಲೇಶ ಕೂರಲಿಲ್ಲ. "ಮಾತಾಡೂವ್ರು ಅವ್ರು ರೀ. ನಾ ಕ್ಯಾಮೆರಾದಾಂವ."

"ಹಾದಿ ಬಿಡ್ತೀನಿ ಅಂದಿದ್ರಿ," ಎಂದಳು ಮನಿಷಾ. "ನಿಮ್ಮ ಮಾತಿಗಿ ನಾ ಸಿನಿಮಾ ನಿಲ್ಲಿಸಿದೆ. ಈಗ ಬೇಲಿ ಯಾಕ ಹಾಕಿದ್ರಿ?"

ಅವನು ಸರ್ವೆ ನಂಬರು, ಹದ್ದುಬಸ್ತು ಎಂದು ಮರಾಠಿಯಲ್ಲಿ ಶುರು ಮಾಡಿದ.

"ಕನ್ನಡದಾಗ ಹೇಳ್ರಿ. ನಮ್ಮ ದೊಡ್ಡವ್ವಗ ತಿಳೀಬೇಕು."

"ಮೊದಲ ಆ ಕ್ಯಾಮೆರಾ ಬಂದ್ ಮಾಡ್ಸು."

"ಮಾಡ್ಸೂದಿಲ್ಲ."

ಮಲಕಾಜಪ್ಪ ಕಪ್ಪು ಕೆಳಗಿಟ್ಟ. "ನಿಮ್ಮಪ್ಪ ಈ ಕಟ್ಟಿ ಮುಂದ ತಲಿ ಎತ್ತಿ ಮಾತಾಡಿದಾಂವ ಅಲ್ಲ. ನೀ ಕ್ಯಾಮೆರಾ ತಂದಿ? ಹಾದಿ ಬಿಟ್ಟದ್ದು ನಾನು, ಕಟ್ಟಿದ್ದೂ ನಾನು. ನನ್ನ ಮರ್ಜಿ. ನೀರಾಗೇ ಒಯ್ರಿ ನಿಮ್ಮ ಹೆಣಾ!"

ಹೇಳಿದ ಮೇಲೆ ಅವನ ಕಣ್ಣು ಕ್ಯಾಮೆರಾದ ಕಡೆ ಹೋಯಿತು. ತಟ್ಟನೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಆ ಮಾತುಗಳನ್ನು ಮನಿಷಾ ಒಂದಕ್ಷರ ಕತ್ತರಿಸದೆ ಸಿನಿಮಾಕ್ಕೆ ಸೇರಿಸಿದಳು. ಯಾವ ಹಾಲನ್ನೂ ಕೇಳಲಿಲ್ಲ. ಓಣಿಯ ಬುದ್ಧವಿಹಾರದಲ್ಲೇ, ಕಿಟಕಿಗಳಿಗೆ ಶೈಲೇಶನ ಅಂಗಡಿಯ ಚಾದರ ಕಟ್ಟಿ, ಮಧ್ಯಾಹ್ನ ತೋರಿಸಿದಳು. ಹುಲೆಪ್ಪನ ಭಾಗ ಬಂದಾಗ ಮಲಕಮ್ಮ ಎದ್ದು ಹೊರಗೆ ಹೋದಳು, ಅದು ಮುಗಿದ ಮೇಲೆ ಒಳಗೆ ಬಂದು ಕೂತಳು. ಮಲಕಾಜಪ್ಪನ ಮಾತು ಬಂದಾಗ ಸ್ವಪ್ನಿಲ ತಲೆ ತಗ್ಗಿಸಿದ್ದ.

"ಇದರ ಕಾಪಿ ಕೊಡು," ಎಂದ ಕೊನೆಗೆ. "ಹಾದಿ ಸಲುವಾಗಿ ತಹಸೀಲ್ದಾರಗ ಅರ್ಜಿ ಬರದು, ಅದರ ಜೋಡಿ ನಾನ ಒಯ್ದು ಕೊಡ್ತೀನಿ."

ಕೊಟ್ಟೂ ಬಂದ. ಹಾದಿಯ ಅಳತೆಗೆ ಇನ್ನೂ ಯಾರೂ ಬಂದಿಲ್ಲ. ತೊಗರಿ ಸೊಂಟದೆತ್ತರ ಬೆಳೆದಿದೆ. ಆದರೆ ಪಕ್ಕದ ಊರಿನ ವಿಹಾರದವರು ತಮ್ಮಲ್ಲೂ ಸಿನಿಮಾ ತೋರಿಸಿರೆಂದು ಸ್ವಪ್ನಿಲನಿಗೆ ಹೇಳಿ ಕಳಿಸಿದ್ದಾರೆ. ಅವರ ಸ್ಮಶಾನಕ್ಕೂ ಹಾದಿ ಇಲ್ಲವಂತೆ. ಅದನ್ನು ಕೇಳಿ ಮನಿಷಾಳಿಗೆ ಸಮಾಧಾನವೇನೂ ಆಗಲಿಲ್ಲ. ಬರುವ ರವಿವಾರ ಮುಂಜಾನೆಯ ಎಸ್.ಟಿ.ಗೆ ಬರುತ್ತೇನೆಂದು ಮಾತ್ರ ಹೇಳಿದಳು.