ಜರಡಿಯಲ್ಲಿ ಉಳಿದದ್ದು

"ಹೇಳವ್ವಾ, ಇದೇನು?" ನಿತಿನ ಮತ್ತೆ ಕೇಳಿದ. ಅವನ ಮೊಬೈಲಿನಲ್ಲಿ ಆನೆಯ ಚಿತ್ರವಿತ್ತು. ನಾಲ್ಕು ವರ್ಷದ ಮಗಳು ಪ್ರಣಿತಾ ಆನೆಯನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತಿದ್ದ ಸೋದರತ್ತೆಯ ಮುಖವನ್ನೇ ನೋಡುತ್ತ ತುಟಿ ಬಿಗಿದು ಕೂತಿದ್ದಳು.

ಜಿನ್ನವ್ವ ಮುಖ ಆಚೆ ತಿರುಗಿಸಿದಳು. ಸುಮ್ಮನಿರು ಎಂದು ಬೆಳಿಗ್ಗೆ ಹೇಳಿಕೊಟ್ಟವಳು ಅವಳೇ.

ಕಣಗಲಾ ಊರಿನ ಆ ಗಿರಣಿ ಅವಳ ಗಂಡ ಹಾಕಿದ್ದು. ಅವನು ತೀರಿಹೋದ ಮೇಲೆ ಇವಳೇ ನಡೆಸುತ್ತಾಳೆ. ಮಕ್ಕಳಿಲ್ಲ. ಗಿರಣಿಯ ಸದ್ದಿನಲ್ಲಿ ಯಾರು ಏನು ಮಾತಾಡುತ್ತಾರೆ? ಜನ ಡಬ್ಬಿ ಇಟ್ಟು ಹೋಗುತ್ತಾರೆ, ಬಂದು ಒಯ್ಯುತ್ತಾರೆ. ಹೊತ್ತು ಮುಳುಗುವುದರೊಳಗೆ ಗಿರಣಿ ಬಂದ್ ಮಾಡಿ ಊಟ ಮುಗಿಸಿದರೆ ಆಮೇಲೆ ಗೋಡೆಯ ಸಂಗಡವೇ ಮಾತು. ಮೇಲಾಗಿ ಅವಳದೊಂದು ಹಟ: ಯಾರ ಕಾಳೇ ಆಗಲಿ, ಜರಡಿ ಹಿಡಿದು ಕಾಳು ಕೊರೆಯುವ ನುಸಿಗಳನ್ನು ಹೊರಗೆ ಕಟ್ಟೆಯ ಮೇಲೆ ಬಿಟ್ಟು ಬರದೆ ಗಿರಣಿಗೆ ಸುರಿಯುವುದಿಲ್ಲ. ಜೀವ ಅರೆದ ಪಾಪ ಯಾರಿಗೆ ಬೇಕು? ಜೈನರ ಹೆಣ್ಣುಮಗಳು, ಇರಲಿ ಎಂದು ಊರು ಸಹಿಸಿಕೊಂಡಿದೆ. ಅವಸರದವರು ಗೊಣಗುತ್ತ ಬೇರೆ ಗಿರಣಿಗೆ ಹೋಗುತ್ತಾರೆ. ಹೋಗಲಿ.

ನಿತಿನ ಅವಳ ತಮ್ಮ, ಗೋಕಾಕದಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಹೆಂಡತಿ ಅವಳಿ ಕೂಸುಗಳ ಬಾಣಂತಿಯಾಗಿದ್ದಾಗ ಪ್ರಣಿತಾಳನ್ನು ತಂದು ಇಲ್ಲಿ ಬಿಟ್ಟ. ಅದೇ ಹೊತ್ತಿಗೆ ನರ್ಸರಿಯಲ್ಲೂ ಅವಳನ್ನು ಬೇಡ ಎಂದಿದ್ದರು. ಚಿತ್ರ ತೋರಿಸಿ ಕೇಳಿದರೆ ಆಕಳಿಗೂ 'ಅದು', ಬಸ್ಸಿಗೂ 'ಅದು' ಎಂದಳಂತೆ. ಮಾತು ಬಂದ ಮೇಲೆ ಕರೆತನ್ನಿ ಎಂದು ಕಳಿಸಿದ್ದರು.

ಒಂದು ದಿನ ಅಂಗನವಾಡಿಯ ಸಂಘಮಿತ್ರಾ ಟೀಚರು ಜೋಳ ಬೀಸಿಸಲು ಬಂದವರು ಜರಡಿಯ ಮೇಲೆ ಕಣ್ಣು ನೆಟ್ಟು ಕೂತ ಈ ಹುಡುಗಿಯನ್ನು ನೋಡಿದರು. ಮರುದಿನ ಕೀಟಗಳ ಪುಸ್ತಕವೊಂದನ್ನು ತಂದುಕೊಟ್ಟರು. ರಾಜ ರಾಣಿಯರ ಕಥೆಗೆ ಇವಳು ಆಕಳಿಸುತ್ತಾಳೆ, ಇದನ್ನು ಓದಿ, ಓದಿದ್ದನ್ನು ಜರಡಿಯಲ್ಲಿ ತೋರಿಸಿ ನೋಡಿ ಎಂದರು.

ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಜಿನ್ನವ್ವ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಊಟವಾದ ಮೇಲೆ, ಬೆಳಕಿರುವ ತನಕ, ದಿನಕ್ಕೊಂದೇ ಪುಟ. ಮರುದಿನ ಜರಡಿಯಲ್ಲಿ ನುಸಿ ಸಿಕ್ಕರೆ ಇಬ್ಬರೂ ಬಗ್ಗಿ ಚಿತ್ರಕ್ಕೂ ಹುಳಕ್ಕೂ ತಾಳೆ ನೋಡುವುದು. ಮೊದಲು 'ಕಾಲು' ಬಂತು, ಆಮೇಲೆ 'ರೆಕ್ಕೆ'. ಒಂದು ದಿನ 'ಕುಡಿಮೀಸೆ' ಬಂತು. ಜಿನ್ನವ್ವನಿಗೇ ಆ ಪದ ಹೊಸದು. ಇಷ್ಟು ಚೂರು ನುಸಿಗೂ ಮೀಸೆಯೇ ಎಂದು ನಕ್ಕರು. ಅಲ್ಲಿಂದ ಹುಡುಗಿಯ ಬಾಯಿಗೆ ಬಿಡುವೇ ಇರಲಿಲ್ಲ. ಗಿರಾಕಿ ಉದ್ದಪ್ಪನ ರುಮಾಲಿನ ಮೇಲೆ ಕೂತ ಮಿಡತೆಯನ್ನೂ ಅವಳು ಬಿಡಲಿಲ್ಲ. ಜಿನ್ನವ್ವನಿಗೆ ಅದಕ್ಕಿಂತ ದೊಡ್ಡ ಸುಖ ಬೇಕಿರಲಿಲ್ಲ.

ನಿನ್ನೆ ನಿತಿನ ಫೋನು ಮಾಡಿದ್ದ. ನಾಳೆ ಬರುತ್ತೇನೆ, ಪ್ರಣಿತಾ ಮಾತಾಡಿದರೆ ನರ್ಸರಿಗೆ ಕರೆದೊಯ್ಯುತ್ತೇನೆ, ಇಲ್ಲದಿದ್ದರೆ ಇನ್ನೊಂದು ವರ್ಷ ನಿನ್ನ ಹತ್ತಿರವೇ ಇರಲಿ ಎಂದಿದ್ದ. ಹುಡುಗಿಗೆ ಮಾತು ಬಂದದ್ದನ್ನು ಜಿನ್ನವ್ವ ಅವನಿಗೆ ಹೇಳಿರಲೇ ಇಲ್ಲ. ಬೆಳಿಗ್ಗೆ ಎದ್ದವಳೇ ಜಿನ್ನವ್ವ ಪುಸ್ತಕವನ್ನು ಖಾಲಿ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. "ಪಪ್ಪಾ ಏನ ಕೇಳಿದ್ರೂ ಸುಮ್ಮ ಕುಂದರಬೇಕು, ನಾ ಹೇಳೂ ಮಟಾ," ಎಂದಳು. ಹುಡುಗಿ ಇದೂ ಒಂದು ಆಟವೆಂದು ತಲೆಯಾಡಿಸಿದ್ದಳು.

ನಿತಿನ ಮೊಬೈಲು ಜೇಬಿಗೆ ಹಾಕಿದ. ಅವನ ಮುಖ ಬಾಡಿತ್ತು. "ಇರಲಿ ಬಿಡಕ್ಕಾ. ಇನ್ನೊಂದ ವರ್ಷ ಇಲ್ಲೇ ಇರಲಿ. ಆಮ್ಯಾಲ ಡಾಕ್ಟರ್‌ಗೆ ತೋರಸೋಣಂತ."

ಜಿನ್ನವ್ವನಿಗೆ ಬೇಕಾಗಿದ್ದು ಸಿಕ್ಕಿತು. ಚಹಾ ಇಡುತ್ತೇನೆ ಎಂದು ತಿರುಗಿದಳು. ಅಷ್ಟರಲ್ಲಿ ಬಾಜೂಕಿದ್ದ ಗೋದಿ ಚೀಲದಿಂದ ಒಂದು ನುಸಿ ಹರಿದು ಪ್ರಣಿತಾಳ ಮೊಣಕಾಲು ಹತ್ತಿತು. ಹುಡುಗಿಯ ಕಣ್ಣು ಅರಳಿತು, ಬೆರಳು ಮೇಲೆದ್ದಿತು, ಬಾಯಿ ತೆರೆಯಿತು. ಅತ್ತೆಯ ಕಡೆ ನೋಡಿ ಗಪ್ಪನೆ ಬಾಯಿ ಮುಚ್ಚಿಕೊಂಡಳು. ಬಾಯಿಗೆ ಬಂದ ಮಾತನ್ನು ಅಷ್ಟು ಸಣ್ಣ ಕೂಸು ಉಗುಳಿನ ಸಂಗಡ ನುಂಗಿದ್ದು ಜಿನ್ನವ್ವನಿಗೆ ಕಂಡಿತು.

ಅವಳು ಜರಡಿ ತಂದಳು. ಚೀಲದಿಂದ ಬೊಗಸೆ ಗೋದಿ ಹಾಕಿ ಹಿಡಿದು, ಹುಡುಗಿಯ ಮುಂದೆ ಇಟ್ಟು ಕುಕ್ಕರಗಾಲಲ್ಲಿ ಕೂತಳು.

"ಹೇಳವ್ವಾ," ಎಂದಳು. "ನಾ ಹೇಳೇನಿ ಈಗ. ಪಪ್ಪಾಗ ಎಲ್ಲಾ ಹೇಳು."

ಪ್ರಣಿತಾ ಒಮ್ಮೆ ಅವಳ ಮುಖ ನೋಡಿದಳು. ಆಮೇಲೆ ಮೊಣಕಾಲಿನಿಂದ ನುಸಿಯನ್ನು ಬೆರಳಿಗೆ ಹತ್ತಿಸಿಕೊಂಡಳು.

"ಪಪ್ಪಾ, ಇದು ನುಸಿ. ಕಾಲ ಆರು ಅದಾವು. ಇವು ಕುಡಿಮೀಸಿ, ಇದರಲೇ ವಾಸನಿ ನೋಡತೈತಿ. ಜ್ಯಾಡಕ್ಕ ಎಂಟ ಕಾಲ, ಅದು ಕೀಟ ಅಲ್ಲ. ಒರಸಬ್ಯಾಡ ಪಪ್ಪಾ, ಕಟ್ಟಿ ಮ್ಯಾಲ ಬಿಡಬೇಕು."

ನಿತಿನ ಮಗಳನ್ನು ಎತ್ತಿಕೊಂಡು ಅತ್ತೇಬಿಟ್ಟ. ಜಿನ್ನವ್ವ ಎದ್ದು ಡಬ್ಬಿಯಿಂದ ಪುಸ್ತಕ ತೆಗೆದು ಹುಡುಗಿಯ ಅರಿವೆಗಳ ಮೇಲೆ ಇಟ್ಟು ಚೀಲ ಕಟ್ಟಿದಳು. ಮಧ್ಯಾಹ್ನದ ಬಸ್ಸಿಗೆ ಅವರು ಹೋದರು.

ಮರುದಿನ ಉದ್ದಪ್ಪ ಜೋಳದ ಡಬ್ಬಿ ತಂದ. ಹುಡುಗಿ ಎಲ್ಲಿ ಎಂದು ಕೇಳಿದ. ಶಾಲೆಗೆ ಹೋದಳು ಎಂದು ಹೇಳಿ ಜಿನ್ನವ್ವ ಜರಡಿ ಹಿಡಿದಳು. ನುಸಿಗಳನ್ನು ಬಿಡಲು ಹೊರಗೆ ಹೋದವಳು ಬೇಗ ಬರಲಿಲ್ಲ. ಉದ್ದಪ್ಪ ಇಣುಕಿ ನೋಡಿದ. ಅವಳು ಕಟ್ಟೆಯ ಹತ್ತಿರ ಸೊಂಟ ಬಗ್ಗಿಸಿ, ಜರಡಿಯನ್ನು ಸಣ್ಣ ಮಕ್ಕಳ ಕಣ್ಣಿಗೆ ನಿಲುಕುವಷ್ಟು ಕೆಳಗೆ ಹಿಡಿದುಕೊಂಡು ನಿಂತಿದ್ದಳು.