ಬಾಯಿ ತಪ್ಪಿ ಬಂದ ಆಮೆನ್

ಚರ್ಚಿನ ಹಿರಿಯರ ಸಭೆ ಮುಗಿದು ಎಲ್ಲರೂ ಬೂಟು ಹಾಕಿಕೊಳ್ಳುತ್ತಿದ್ದರು. ತಾಕ್ ಯುನ್‌ಸಿಕ್ ಮಾತ್ರ ಗೋಡೆ ನೋಡುತ್ತ ಕೂತಿದ್ದ. ಬೊಂಗ್‌ಸಿಮ್‌ಳ ಪರವಾಗಿ ಮಾತಾಡಬೇಕೆಂದು ಬೆಳಗ್ಗೆಯಿಂದ ಮಾತು ಜೋಡಿಸಿಕೊಂಡು ಬಂದಿದ್ದವನು ಅವನು.

ಗುನ್‌ಸಾನ್‌ನ ಹಳೇ ಬಂದರಿನ ಬೀದಿಯಲ್ಲಿ ಅವಳ ಶಾವಿಗೆ ಅಂಗಡಿ. ಭಾನುವಾರ ಆರಾಧನೆ ಮುಗಿಸಿಕೊಂಡು ಹೋಗಿ ಬಾಗಿಲು ತೆಗೆಯುತ್ತಾಳೆ. ಕರ್ತನ ದಿನ ವ್ಯಾಪಾರ ಮಾಡಿದ ತಪ್ಪಿಗೆ ಆರು ತಿಂಗಳು ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಪಂಕ್ತಿಯಲ್ಲಿ ಜಾಗವಿಲ್ಲ, ಸಭಾಸೇವಕಿಯ ಪದವಿಯೂ ಇಲ್ಲ ಎಂದವರು ಎಲ್ಲರಿಗಿಂತ ಹಿರಿಯರಾದ ಬಾಂಗ್. ಹೆದ್ದಾರಿಯಲ್ಲಿರುವ ಈ ಬಾಂಗ್ ಅವರ ಪೆಟ್ರೋಲ್ ಬಂಕಿಗೆ ವರ್ಷದಲ್ಲಿ ಒಂದು ದಿನವೂ ರಜೆಯಿಲ್ಲ. ಅಲ್ಲಿ ಪೈಪು ಹಿಡಿಯುವವರು ಆಳುಗಳು, ಹಾಗಾಗಿ ಪಾಪವೂ ಆಳುಗಳದೇ!

ಯುನ್‌ಸಿಕ್ ಸಭೆಯಲ್ಲಿ ಮಾತಾಡಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಾಸ್ಟರು "ಪ್ರಾರ್ಥಿಸೋಣ" ಎಂದುಬಿಟ್ಟಿದ್ದರು. ಬಾಂಗ್ ಕಣ್ಣು ಮುಚ್ಚಿ ತೀರ್ಪನ್ನೇ ಪ್ರಾರ್ಥನೆಯೊಳಗೆ ತುರುಕಿದರು. "ತಂದೆಯೇ, ನಾವು ಒಮ್ಮನಸ್ಸಿನಿಂದ ನಿನ್ನ ಮಗಳನ್ನು ತಿದ್ದಲು ಹೊರಟಿದ್ದೇವೆ..." ಮಾತು ಕಲಿತಂದಿನಿಂದ ಪ್ರಾರ್ಥನೆಯ ಕೊನೆಗೆ ಒಂದೇ ಪದ ಹೇಳಿ ರೂಢಿಯಾದ ಬಾಯಿ ಯುನ್‌ಸಿಕ್‌ನನ್ನು ಒಂದು ಮಾತೂ ಕೇಳಲಿಲ್ಲ. "ಆಮೆನ್" ಎಂದುಬಿಟ್ಟಿತು. ಸರ್ವಾನುಮತ ಎಂದು ಬರೆದುಕೊಂಡರು. ಹೋಗಿ ತಿಳಿಸುವ ಕೆಲಸ ಹಿರಿಯರಲ್ಲಿ ಕಿರಿಯನೆಂದು ಅವನ ತಲೆಗೇ ಬಂತು.

ಅಂಗಡಿಯ ಮುಂದೆ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡಿದ.

"ಏನ್ ಹಿರಿಯರೇ, ನನ್ ಬಾಗಿಲು ಸವೆಸ್ತಿದೀರಾ? ಒಳಗ್ ಬನ್ನಿ," ಬೊಂಗ್‌ಸಿಮ್ ಸೌಟು ಹಿಡಿದೇ ಕೂಗಿದಳು. "ಎಷ್ಟು ತಿಂಗಳು?"

"ಆರು, ಸೇವಕಿಯಮ್ಮ."

"ಇನ್ನೂ ಯಾಕೆ ಸೇವಕಿಯಮ್ಮ? ಅದನ್ನೂ ಕಿತ್ಕೊಂಡಿರ್ತಾರೆ ಬಿಡಿ. ಇನ್ಮೇಲೆ ಗಿರಾಕಿಗಳ ಥರ 'ಏ ಆಂಟಿ' ಅನ್ನಿ." ಸಾರು ಕಲಕಿದಳು. "ಭಾನುವಾರ ಬಿಟ್ರೆ ಗಿರಾಕಿ ಇಲ್ಲ, ಬಾಕಿ ದಿನ ಇಲ್ಲಿ ನೊಣ ಹೊಡೀತೀನಿ. ತಪ್ಪು ಅಂದ್ರೆ ತಪ್ಪೇ, ಒಪ್ಕೋತೀನಿ. ಆದ್ರೆ ಆ ಬಂಕಿನ ಹತ್ರ ಹೋಗಿ ಯಾರಾದ್ರೂ ಹೇಳಿದ್ರಾ? ಭಾನುವಾರ ಪಾಸ್ಟರ್ ಕಾರೂ ಪೆಟ್ರೋಲಿಗೆ ಅಲ್ಲೇ ನಿಲ್ಲುತ್ತೆ. ಅದಿರ್ಲಿ, ನೀವೇನಂದ್ರಿ?"

"ಆಮೆನ್ ಅಂದೆ. ಬಾಯಿ ತಪ್ಪಿ ಬಂತು."

ಅವಳು ನಕ್ಕಳು. ಆಮೇಲೆ ನಗು ನಿಂತಿತು. "ಬಾಯಿ ತಪ್ಪಿದ್ದು ನಿಮ್ದು. ಪಂಕ್ತಿ ತಪ್ಪಿದ್ದು ನಂದು."

ಆ ವಾರವಿಡೀ ಯುನ್‌ಸಿಕ್ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತನ್ನ ಬಾಯಿಯ ಮೇಲೇ ಅವನಿಗೆ ಸಿಟ್ಟು. ಊಟದ ಪ್ರಾರ್ಥನೆಗೂ ತುಟಿ ಬಿಚ್ಚಲಿಲ್ಲ.

"ಅನ್ನಕ್ಕೂ ಆಮೆನ್ ಇಲ್ವಾ? ಏನ್ರೀ ಬಂದಿರೋದು ನಿಮಗೆ?" ಎಂದಳು ಹೆಂಡತಿ.

ಮುಂದಿನ ಭಾನುವಾರ ಆರಾಧನೆಗೆ ಮೊದಲು ಹಿರಿಯರು ಒಳಕೋಣೆಯಲ್ಲಿ ಸೇರಿದರು. ತೀರ್ಪನ್ನು ಅಂದೇ ಎಲ್ಲರೆದುರು ಓದಬೇಕಿತ್ತು. ಬಾಂಗ್ ಪ್ರಾರ್ಥಿಸಿದರು, ಎಲ್ಲರೂ ಆಮೆನ್ ಎಂದರು. ಯುನ್‌ಸಿಕ್ ಹಲ್ಲು ಕಚ್ಚಿ ನಿಂತ. ಸಣ್ಣ ಕೋಣೆ, ಒಂದು ದನಿ ಕಡಿಮೆಯಾದರೂ ತಿಳಿಯುತ್ತದೆ. ಬಾಂಗ್ ಕಣ್ಣು ಬಿಟ್ಟರು.

"ತಾಕ್ ಹಿರಿಯರೇ, ಆಮೆನ್?"

"ಬಂಕು ಇವತ್ತು ಮುಚ್ಚಿದೆಯಾ, ಹಿರಿಯರೇ?"

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಹಾಗಾದ್ರೆ ಹೋದ ವಾರದ್ದನ್ನೂ ವಾಪಸ್ ತಗೋತೀನಿ. ಸರ್ವಾನುಮತ ಅನ್ನೋದನ್ನ ಹೊಡೆದು ಹಾಕಿ."

ಹೊರಗೆ ಹಾಡು ಶುರುವಾಗಿತ್ತು. ಪಾಸ್ಟರು ಯಾರ ಮುಖವನ್ನೂ ನೋಡದೆ ಪೆನ್ನು ತೆಗೆದರು.

"ಹಿರಿಯರ ಸಭೆ ಬಹುಮತದಿಂದ ತೀರ್ಮಾನಿಸಿದ್ದೇನೆಂದರೆ..." ಎಂದು ಆರಾಧನೆಯಲ್ಲಿ ಎಲ್ಲರೆದುರು ಓದಿದರು. ಶಿಕ್ಷೆ ಒಂದು ದಿನವೂ ಕಡಿಮೆಯಾಗಿರಲಿಲ್ಲ. ಆದರೆ 'ಬಹುಮತ' ಎಂಬ ಪದ ಕೇಳಿದ್ದೇ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಬೊಂಗ್‌ಸಿಮ್ ತಲೆಯೆತ್ತಿದಳು, ಹಿರಿಯರ ಸಾಲಿನಲ್ಲಿ ಒಬ್ಬೊಬ್ಬರ ಮುಖವನ್ನೇ ಹುಡುಕಿದಳು. ಯುನ್‌ಸಿಕ್‌ನ ಕಿವಿಗಳು ಕೆಂಪಾದವು.

ಆರಾಧನೆ ಮುಗಿದ ಮೇಲೆ ಮೆಟ್ಟಿಲ ಬಳಿ ಅವನನ್ನು ತಡೆದಳು. "ಶಾವಿಗೆ ತಿನ್ನೋಕೆ ಬನ್ನಿ, ಹಿರಿಯರೇ."

"ಇವತ್ತು ಭಾನುವಾರ..."

"ನಿಮಗೆ ಮಾರಲ್ಲ, ಬಡಿಸ್ತೀನಿ. ಈ ಪಂಕ್ತಿ ನಂದು, ಇಲ್ಲಿಂದ ಯಾರೂ ಎಬ್ಬಿಸಲ್ಲ."

ಹಿಂದೆಯೇ ಬಾಂಗ್ ಇಳಿದು ಬರುತ್ತಿದ್ದರು.

"ಬಂದೆ, ಸೇವಕಿಯಮ್ಮಾ!" ಎಂದ ಯುನ್‌ಸಿಕ್, ಅವರಿಗೂ ಕೇಳುವಷ್ಟು ಗಟ್ಟಿಯಾಗಿ.